ಹತ್ತನೇ ತರಗತಿಯ ಮುಂದಿನ ದಾರಿಗೆ ಸರ್ಕಾರದ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಯಾವ ಕೋರ್ಸು, ಯಾವ ಕಾಲೇಜು ಎಂದು ವಿಚಾರಿಸುವಂಥವು. ಈ ಬಾರಿ ಬಂದ ಕೆಲವು ಪತ್ರಗಳು ಇನ್ನೂ ಮೂಲದ ಪ್ರಶ್ನೆಯೊಂದನ್ನು ಎತ್ತಿವೆ. ಸರ್ಕಾರಿ ಶಾಲೆಯ ಮಕ್ಕಳನ್ನು ಕಾಲೇಜಿಗೂ ಉದ್ಯೋಗಕ್ಕೂ ಸಜ್ಜುಗೊಳಿಸುವ ಕೆಲಸಕ್ಕೆ ಸರ್ಕಾರ ಯಾವ ಬಾಬ್ತಿನಲ್ಲಿ ಹಣ ಕೊಡುತ್ತದೆ, ಆ ಹಣ ಶಾಲೆಯ ಬಾಗಿಲಿನವರೆಗೆ ಹೇಗೆ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ಆ ಪತ್ರಗಳ ವಿಷಯ. ಅವುಗಳಲ್ಲಿ ಐದನ್ನು ಆರಿಸಿ, ಪತ್ರಗಳನ್ನು ಸಂಕ್ಷೇಪಿಸಿ ಉತ್ತರಿಸಲಾಗಿದೆ. ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಶಾಲೆಯಲ್ಲಿ ಸುಮಾರು 180 ಮಕ್ಕಳಿದ್ದಾರೆ. ಪಾಸಾದವರಲ್ಲಿ ಬಹಳಷ್ಟು ಮಂದಿ ಗೆಳೆಯರು ಸೇರಿದ ಕಾಲೇಜಿಗೇ ಸೇರುತ್ತಾರೆ. ಫೇಲಾದವರು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿಬಿಡುತ್ತಾರೆ. ನಗರದ ಖಾಸಗಿ ಶಾಲೆಗಳಲ್ಲಿ ಮಕ್ಕಳಿಗೆ ಮುಂದೇನು ಓದಬೇಕೆಂದು ತಿಳಿಸಿಕೊಡಲು ಕೌನ್ಸೆಲರ್ ಇರುತ್ತಾರಂತೆ. ನಮ್ಮ ಶಾಲೆಗೂ ಅಂಥವರನ್ನು ನೇಮಿಸಿಕೊಳ್ಳಲು ಸರ್ಕಾರದಿಂದ ಅನುದಾನ ಸಿಗುತ್ತದೆಯೇ?

ಉತ್ತರ: ಸರ್ಕಾರಿ ಪ್ರೌಢಶಾಲೆಯ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು, ಗುಮಾಸ್ತರು ಇರುತ್ತಾರೆ; ವೃತ್ತಿ ಮಾರ್ಗದರ್ಶಕ ಎಂಬ ಹುದ್ದೆ ಇಲ್ಲ. ಹುದ್ದೆಯೇ ಇಲ್ಲದ ಮೇಲೆ ಅದರ ಸಂಬಳಕ್ಕೆ ಹಣ ಬರುವ ಪ್ರಶ್ನೆಯೂ ಏಳುವುದಿಲ್ಲ. ನಿಮ್ಮ ಶಾಲೆಗೆ ನೇರವಾಗಿ ಬರುವ ಮುಖ್ಯ ಹಣವೆಂದರೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಶಿಕ್ಷಕರ ತರಬೇತಿಯ ಯೋಜನೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಶಾಲಾ ಅನುದಾನವನ್ನು ದಾಖಲಾತಿಗೆ ತಕ್ಕಂತೆ ನಿಗದಿ ಮಾಡಲಾಗಿದೆ. 100ಕ್ಕಿಂತ ಹೆಚ್ಚು, 250ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿಯವರೆಗೆ ಅವಕಾಶವಿದೆ. ಕರೆಂಟ್ ಬಿಲ್ಲು, ಇಂಟರ್ನೆಟ್, ಪ್ರಯೋಗಾಲಯದ ಸಾಮಾನು, ಸಣ್ಣಪುಟ್ಟ ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕು; ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಮೀಸಲಿಡಬೇಕು. ಇದರಲ್ಲಿ ಕೌನ್ಸೆಲರ್‌ಗೆ ಗೌರವಧನ ಕೊಡುವಷ್ಟು ಉಳಿಯುವುದಿಲ್ಲವೆಂದು ಎಸ್‌ಡಿಎಂಸಿಯಲ್ಲಿ ಲೆಕ್ಕ ನೋಡಿರುವ ನಿಮಗೇ ಗೊತ್ತಿರುತ್ತದೆ.

ಹಾಗೆಂದು ಈ ಕ್ಷೇತ್ರದಲ್ಲಿ ಸರ್ಕಾರ ಖರ್ಚೇ ಮಾಡುತ್ತಿಲ್ಲವೆಂದು ಹೇಳಲಾಗದು. 2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಉದ್ಯಮದ ಸಹಭಾಗಿತ್ವದಲ್ಲಿ ತಾಂತ್ರಿಕ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ ಉದ್ಘಾಟಿಸಲಾಯಿತು. ಅದರ ವೆಚ್ಚ 4,600 ಕೋಟಿ ರೂಪಾಯಿಗೂ ಹೆಚ್ಚು. ಯಂತ್ರಗಳು ಬಂದಿವೆ, ಕಟ್ಟಡಗಳು ಎದ್ದಿವೆ. ವಿದ್ಯಾರ್ಥಿವೇತನಕ್ಕೆ ಒಂದು ಇಲಾಖೆ, ಹಾಸ್ಟೆಲ್‌ಗೆ ಇನ್ನೊಂದು, ಐಟಿಐಗೆ ಮತ್ತೊಂದು, ಶಾಲೆಗೆ ಮಗದೊಂದು ಎಂಬಂತೆ ಹಣ ಹಂಚಿಹೋಗಿದೆ. ಇವೆಲ್ಲವನ್ನೂ ಬಲ್ಲವರೊಬ್ಬರು ಒಂಬತ್ತನೇ ತರಗತಿಯ ಮಗುವಿನ ಪಕ್ಕದಲ್ಲಿ ಕುಳಿತು, ನಿನಗೆ ಇದು ಸಿಗುತ್ತದೆ, ಇಂಥ ತಿಂಗಳಲ್ಲಿ ಅರ್ಜಿ ಹಾಕು ಎಂದು ಹೇಳುವುದಕ್ಕೆ ಮಾತ್ರ ಶಾಲೆಯಲ್ಲಿ ಪೂರ್ಣಾವಧಿಯ ಹುದ್ದೆಯಿಲ್ಲ. ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂಬುದು ಈ ಅಂಕಣದ ಖಚಿತ ಅಭಿಪ್ರಾಯ. ಒಂದು ಕ್ಲಸ್ಟರ್‌ನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಪ್ರೌಢಶಾಲೆಗಳಿಗೆಲ್ಲ ಸೇರಿ ಒಬ್ಬರನ್ನು ಪೂರ್ಣಾವಧಿಗೆ ನೇಮಿಸಿದರೂ, ಈಗಾಗಲೇ ಖರ್ಚಾಗುತ್ತಿರುವ ಉಳಿದ ಹಣಕ್ಕೆ ಸರಿಯಾದ ಫಲ ಸಿಗುತ್ತದೆ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದನ್ನು ಹೇಳುತ್ತೇವೆ. ಮಾರ್ಗದರ್ಶನ ಶಿಬಿರವನ್ನು ಫಲಿತಾಂಶ ಬಂದ ಮೇಲೆ, ಮೇ ತಿಂಗಳಲ್ಲಿ ನಡೆಸುವುದು ರೂಢಿ. ಆಗ ಮಕ್ಕಳೇ ಶಾಲೆಗೆ ಬರುವುದಿಲ್ಲ. ಅದನ್ನು ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಇಟ್ಟುಕೊಳ್ಳಿ. ಭಾಷಣಕಾರರನ್ನು ಕರೆಸುವ ಬದಲು ಹತ್ತನೇ ತರಗತಿಯ ಮಕ್ಕಳನ್ನು ಹತ್ತಿರದ ಸರ್ಕಾರಿ ಐಟಿಐಗೂ ಪಾಲಿಟೆಕ್ನಿಕ್‌ಗೂ ಒಂದೊಂದು ದಿನ ಕರೆದುಕೊಂಡು ಹೋಗಿ, ವರ್ಕ್‌ಶಾಪಿನೊಳಗೆ ನಿಲ್ಲಿಸಿ, ಅಲ್ಲಿ ಕಲಿಯುತ್ತಿರುವ ನಿಮ್ಮೂರ ಕಡೆಯ ಹುಡುಗ ಹುಡುಗಿಯರೊಂದಿಗೆ ಮಾತನಾಡಲು ಬಿಡಿ. ಲೇತ್ ಯಂತ್ರದ ಮುಂದೆ ನಿಂತ ಹುಡುಗಿಯೊಬ್ಬಳು, ನಾನು ಕೂಡ ಕನ್ನಡ ಮಾಧ್ಯಮದಲ್ಲೇ ಓದಿದವಳು ಎಂದು ಹೇಳಿದರೆ ಅದರ ಪರಿಣಾಮವೇ ಬೇರೆ. ಪ್ರಯಾಣದ ಖರ್ಚಿಗೆ ಹಳೆಯ ವಿದ್ಯಾರ್ಥಿಗಳನ್ನೂ ಗ್ರಾಮ ಪಂಚಾಯಿತಿಯನ್ನೂ ಕೇಳಬಹುದು. ಪಂಚಾಯಿತಿ ಪ್ರತಿವರ್ಷ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಬೇಡಿಕೆಯನ್ನು ಇಟ್ಟರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ.

ಫೇಲಾದ ಮಕ್ಕಳ ವಿಷಯದಲ್ಲಿ ಎರಡು ಸಂಗತಿಗಳನ್ನು ಪೋಷಕರಿಗೆ ತಪ್ಪದೇ ತಿಳಿಸಿ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಪರೀಕ್ಷೆ-1ರಲ್ಲಿ ಉಳಿದ ವಿಷಯವನ್ನು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ಎರಡನೆಯದಾಗಿ, ಐಟಿಐನ ವೆಲ್ಡರ್, ವೈರ್‌ಮನ್, ಪ್ಲಂಬರ್‌ನಂಥ ಕೆಲವು ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಗಾರೆ ಕೆಲಸಕ್ಕೆ ಹೊರಟ ಹುಡುಗನಿಗೆ ಇದು ಮೊದಲೇ ಗೊತ್ತಿದ್ದರೆ ಪ್ರಮಾಣಪತ್ರದೊಂದಿಗೆ ಕೆಲಸಕ್ಕೆ ಹೋಗಬಹುದಿತ್ತು.

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಒಂಬತ್ತನೇ ತರಗತಿಗೆ ಬಂದಿರುವ ಮಗಳಿಗೆ ಶಾಲೆಯಲ್ಲಿ ಹಿಂದಿ ಬದಲು ಮಾಹಿತಿ ತಂತ್ರಜ್ಞಾನ ವಿಷಯ ತೆಗೆದುಕೊಳ್ಳಬಹುದು ಎಂದು ಹೇಳಿದ್ದಾರೆ. ಅದನ್ನು ಕಲಿಸುವವರು ಕಳೆದ ವರ್ಷ ಶಾಲೆ ಶುರುವಾಗಿ ತಿಂಗಳುಗಳಾದ ಮೇಲೆ ಬಂದರಂತೆ. ಹಿಂದಿ ಬಿಟ್ಟರೆ ಮುಂದೆ ತೊಂದರೆಯಾಗುತ್ತದೆಯೇ? ಈ ಶಿಕ್ಷಕರು ಯಾಕೆ ತಡವಾಗಿ ಬರುತ್ತಾರೆ?

ಉತ್ತರ: ತಾಯಿ, ನಿಮ್ಮ ಶಾಲೆಯವರು ಹೇಳಿರುವುದು ಎನ್‌ಎಸ್‌ಕ್ಯೂಎಫ್ ಎಂದು ಕರೆಯುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿಯಲ್ಲಿ ಬರುವ ವೃತ್ತಿ ವಿಷಯ. ನಮ್ಮ ರಾಜ್ಯದಲ್ಲಿ ಇದನ್ನು ತೃತೀಯ ಭಾಷೆಯ ಜಾಗದಲ್ಲಿ ಓದಲು ಅವಕಾಶವಿದೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಸೌಂದರ್ಯ ಮತ್ತು ಸ್ವಾಸ್ಥ್ಯ ಮೊದಲಾದ ವಿಷಯಗಳಿವೆ. ಎಲ್ಲ ಶಾಲೆಗಳಲ್ಲೂ ಎಲ್ಲ ವಿಷಯಗಳಿರುವುದಿಲ್ಲ. ಒಂಬತ್ತನೇ ತರಗತಿ ಮೊದಲ ಹಂತ, ಹತ್ತನೇ ತರಗತಿ ಎರಡನೇ ಹಂತ. ಚೌಕಟ್ಟಿನ ಪ್ರಕಾರ ಪಿಯುಸಿಯ ಎರಡು ವರ್ಷಗಳಲ್ಲಿ ಮೂರು ಮತ್ತು ನಾಲ್ಕನೇ ಹಂತಗಳು ಬರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಈ ವಿಷಯ ನಮೂದಾಗುತ್ತದೆ. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗಕ್ಕೆ ಸೇರುವುದಕ್ಕೂ ಇದರಿಂದ ಅಡ್ಡಿಯಿಲ್ಲ. ಪಿಯುಸಿಯಲ್ಲಿ ಹಿಂದಿಯನ್ನೇ ಒಂದು ಭಾಷೆಯಾಗಿ ಓದಬೇಕೆಂಬ ಆಸೆ ಮಗಳಿಗಿದ್ದರೆ ಮಾತ್ರ ಯೋಚಿಸಬೇಕು. ಕನ್ನಡ ಮತ್ತು ಇಂಗ್ಲಿಷ್ ತೆಗೆದುಕೊಳ್ಳುವವಳಾದರೆ ನಿಶ್ಚಿಂತೆಯಿಂದ ಈ ವಿಷಯ ಆರಿಸಿಕೊಳ್ಳಬಹುದು.

ಶಿಕ್ಷಕರು ತಡವಾಗಿ ಬರುವ ಕಾರಣ ಹಣದ ದಾರಿಯಲ್ಲೇ ಇದೆ. ಈ ವಿಷಯ ಕಲಿಸುವವರು ಇಲಾಖೆಯ ಕಾಯಂ ಶಿಕ್ಷಕರಲ್ಲ; ಸಮಗ್ರ ಶಿಕ್ಷಣದ ಹಣದಲ್ಲಿ, ಸಾಮಾನ್ಯವಾಗಿ ತರಬೇತಿ ಸಂಸ್ಥೆಗಳ ಮೂಲಕ, ಗುತ್ತಿಗೆಯ ಮೇಲೆ ಬರುವವರು. ರಾಜ್ಯವು ಪ್ರತಿವರ್ಷ ತನ್ನ ಯೋಜನೆಯನ್ನು ದೆಹಲಿಗೆ ಕಳಿಸಬೇಕು, ಅಲ್ಲಿನ ಯೋಜನಾ ಅನುಮೋದನಾ ಮಂಡಳಿ ಒಪ್ಪಬೇಕು, ಕಂತು ಬಿಡುಗಡೆಯಾಗಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಸಂಸ್ಥೆಯೊಂದಿಗೆ ಒಪ್ಪಂದ ನವೀಕರಣವಾಗಬೇಕು. ನಮ್ಮ ಶಾಲೆಗಳು ಜೂನ್ ಹೊತ್ತಿಗೆ ಶುರುವಾಗುತ್ತವೆ; ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾದರೂ ಗಣಿತ ಮೇಷ್ಟ್ರು ತರಗತಿಯಲ್ಲಿರುತ್ತಾರೆ, ವೃತ್ತಿ ವಿಷಯದವರು ಇರುವುದಿಲ್ಲ. ಗುತ್ತಿಗೆ ಮುಗಿದ ಮೇಲೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾಯುವವರಲ್ಲಿ ಚೆನ್ನಾಗಿ ಕಲಿಸಬಲ್ಲವರು ಬೇರೆ ಕೆಲಸ ನೋಡಿಕೊಳ್ಳುವುದು ಸಹಜ. ಮಗಳ ಶಾಲೆಯಲ್ಲಿ ಈ ವರ್ಷದ ಶಿಕ್ಷಕರು ಬಂದಿದ್ದಾರೆಯೇ, ಕಂಪ್ಯೂಟರ್‌ಗಳು ಕೆಲಸ ಮಾಡುತ್ತಿವೆಯೇ, ಕಳೆದ ಸಾಲಿನ ಮಕ್ಕಳು ವಾರಕ್ಕೆ ಎಷ್ಟು ಗಂಟೆ ಕೀಬೋರ್ಡ್ ಮುಟ್ಟಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರ ಸಮಾಧಾನ ತಂದರೆ ಸೇರಿಸಿ.

ಇದರೊಂದಿಗೆ ನೀತಿ ರೂಪಿಸುವವರ ಗಮನಕ್ಕೂ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಗುರಿ ಇಟ್ಟಿತ್ತು. ಕರ್ನಾಟಕವು ಆ ನೀತಿಯ ಬದಲು ತನ್ನದೇ ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ಅದರ ವರದಿ ಶಾಲೆಗಳಲ್ಲಿ ಎರಡು ಭಾಷೆಗಳ ನೀತಿಯನ್ನು ಶಿಫಾರಸು ಮಾಡಿದೆ. ತೃತೀಯ ಭಾಷೆಯ ಚರ್ಚೆ ನಡೆಯುವಾಗ ಹಿಂದಿ ಬೇಕೇ ಬೇಡವೇ ಎಂಬ ವಾದವೇ ಮುಂದೆ ನಿಲ್ಲುತ್ತದೆ. ವೃತ್ತಿ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಸಿಕ್ಕಿರುವ ಜಾಗವೂ ಅದೇ ಎಂಬುದು ಯಾರ ಮಾತಿನಲ್ಲೂ ಬರುವುದಿಲ್ಲ. ತೃತೀಯ ಭಾಷೆಯನ್ನು ಕೈಬಿಡುವುದಾದರೆ ಆ ಅವಧಿಯನ್ನು ಪೂರ್ತಿಯಾಗಿ ವೃತ್ತಿ ವಿಷಯಕ್ಕೆ ಕೊಡಬೇಕು, ಉಳಿಸಿಕೊಳ್ಳುವುದಾದರೆ ವೃತ್ತಿ ವಿಷಯಕ್ಕೆ ಪ್ರತ್ಯೇಕ ಜಾಗ ಮಾಡಬೇಕು. ಭಾಷೆ ಮತ್ತು ಕೈಕೆಲಸದ ನಡುವೆ ಆರಿಸಿಕೊಳ್ಳುವ ಒತ್ತಾಯ ಹದಿನಾಲ್ಕು ವರ್ಷದ ಮಗುವಿನ ಮೇಲೆ ಬೀಳಬಾರದು.

ಪ್ರಶ್ನೆ: ಅಥಣಿ ತಾಲ್ಲೂಕಿನ ಹಳ್ಳಿಯವನು. ಎರಡು ಎಕರೆ ಜಮೀನಿದೆ, ನಾವು ಹಿಂದುಳಿದ ವರ್ಗಕ್ಕೆ ಸೇರಿದವರು. ಮಗ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇ 78 ಅಂಕ ತೆಗೆದಿದ್ದಾನೆ. ಎಂಜಿನಿಯರ್ ಆಗಬೇಕೆಂಬ ಆಸೆ. ಪಿಯುಸಿ ಸೇರಿಸಬೇಕೋ ಡಿಪ್ಲೊಮಾ ಸೇರಿಸಬೇಕೋ? ಸರ್ಕಾರದ ಯಾವ ನೆರವು ನಮಗೆ ಬರುತ್ತದೆ?

ಉತ್ತರ: ಎರಡೂ ದಾರಿಗಳು ಎಂಜಿನಿಯರಿಂಗ್ ಪದವಿಗೆ ತಲುಪುತ್ತವೆ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆದರೆ ಎರಡು ವರ್ಷದ ನಂತರ ಬಿಇ ಮೊದಲನೇ ವರ್ಷಕ್ಕೆ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೆಂದೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಪ್ರವೇಶ ಸಿಗುತ್ತದೆ. ಲೆಕ್ಕ ಹಾಕಿ ನೋಡಿ, ಎರಡೂ ಕಡೆ ಒಟ್ಟು ಆರು ವರ್ಷ. ವ್ಯತ್ಯಾಸವಿರುವುದು ನಡುವೆ ನಿಲ್ಲಬೇಕಾಗಿ ಬಂದರೆ ಕೈಯಲ್ಲೇನಿರುತ್ತದೆ ಎಂಬುದರಲ್ಲಿ: ಡಿಪ್ಲೊಮಾ ಮುಗಿಸಿ ನಿಂತ ಹುಡುಗ ಕೆಲಸಕ್ಕೆ ಅರ್ಜಿ ಹಾಕಬಹುದು, ಪಿಯುಸಿ ವಿಜ್ಞಾನ ಮುಗಿಸಿ ನಿಂತವನಿಗೆ ಅಂಥ ಆಸರೆ ಕಡಿಮೆ. ಮನೆಯ ಆದಾಯ ಮಳೆಯನ್ನು ನಂಬಿಕೊಂಡಿರುವಾಗ, ಮಗನಿಗೆ ಯಂತ್ರಗಳಲ್ಲಿ ಆಸಕ್ತಿಯಿದ್ದರೆ, ಸರ್ಕಾರಿ ಪಾಲಿಟೆಕ್ನಿಕ್‌ ಕಡೆಗೆ ನಮ್ಮ ಒಲವು. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನೂ, ಅಂದರೆ ಜಿಟಿಟಿಸಿಯನ್ನೂ, ವಿಚಾರಿಸಿ. ಉಪಕರಣ ಮತ್ತು ಅಚ್ಚು ತಯಾರಿಕೆ ಕಲಿಸುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ ಇರುತ್ತದೆ. ಜಿಲ್ಲೆಗಳಲ್ಲಿಯೂ ಅದರ ಕೇಂದ್ರಗಳಿವೆ.

ನೆರವಿನ ವಿಷಯ. ರೈತರ ಮಕ್ಕಳಿಗಾಗಿ 2021ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ನಿಗದಿಯಾಯಿತು. ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳಿಗೆ ಅದು 10,000 ಮತ್ತು 11,000. ಇದಕ್ಕೆ ನಿಮ್ಮ ಜಮೀನಿನ ವಿವರ ಕೃಷಿ ಇಲಾಖೆಯ ಫ್ರೂಟ್ಸ್ ತಂತ್ರಾಂಶದಲ್ಲಿ ದಾಖಲಾಗಿ, ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆ ಸಿಕ್ಕಿರಬೇಕು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸೀಟು ಸಿಗದೆ ಊರಿನಿಂದ ದೂರ ಓದಬೇಕಾದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆಂದು ಹತ್ತು ತಿಂಗಳು ನೆರವು ಕೊಡುವ ಅವಕಾಶವಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಂಟನೇ ತರಗತಿಯಲ್ಲಿ ನಡೆಯುವ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಲು ಮರೆಯಬೇಡಿ. ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ; ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಎಂಟನೇ ತರಗತಿ ದಾಟಿದ ಮೇಲೆ ಈ ಬಾಗಿಲು ಮುಚ್ಚಿಹೋಗುತ್ತದೆ, ಎಷ್ಟೋ ಜಾಣ ಮಕ್ಕಳು ಅದನ್ನು ಆಮೇಲೆ ತಿಳಿದು ಮರುಗುತ್ತಾರೆ.

ಅರ್ಜಿಯ ಕೆಲಸವನ್ನು ಸೈಬರ್ ಸೆಂಟರ್‌ನವರಿಗೆ ಪೂರ್ತಿ ಒಪ್ಪಿಸಬೇಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ಗೆ, ಎಲ್ಲರೂ ಎಸ್‌ಎಸ್‌ಪಿ ಎನ್ನುವ ಅದಕ್ಕೆ, ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಬೇಕಾಗುತ್ತವೆ. ಆಧಾರ್‌ನಲ್ಲಿರುವ ಹೆಸರಿನ ಕಾಗುಣಿತಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕಾಗುಣಿತಕ್ಕೂ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಅರ್ಜಿ ಸಿಕ್ಕಿಕೊಳ್ಳಬಹುದು. ಮೊದಲು ಅದನ್ನು ಸರಿಪಡಿಸಿ. ಹಣ ಮಂಜೂರಾಗಿಯೂ ಖಾತೆಗೆ ಬಾರದಿರುವುದಕ್ಕೆ ಮುಖ್ಯ ಕಾರಣ ಬ್ಯಾಂಕಿನಲ್ಲಿ ಎನ್‌ಪಿಸಿಐ ಜೋಡಣೆ ಆಗಿರದಿರುವುದು. ಆಧಾರ್ ಲಿಂಕ್ ಆಗಿದೆ ಎಂದು ಕೌಂಟರಿನಲ್ಲಿ ಹೇಳಿದರೆ ಅಷ್ಟಕ್ಕೇ ವಾಪಸ್ ಬರಬೇಡಿ, ಸರ್ಕಾರದ ನೇರ ನಗದು ಈ ಖಾತೆಗೇ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಇನ್ನೂ ಬೆಲೆಬಾಳುವ ನೆರವೊಂದು ನಿಮ್ಮ ಮಗನಿಗೆ ಈಗಾಗಲೇ ದಕ್ಕಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳಮೀಸಲು ಇದೆ. ಹತ್ತೂ ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯಿಂದಲೂ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿ, ಈಗಲೇ ತೆಗೆದಿಟ್ಟುಕೊಳ್ಳಿ. ಮುಂದೆ ಎಂಜಿನಿಯರಿಂಗ್ ಸೀಟಿನ ಹೊತ್ತಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳನ್ನೂ ನೋಡಿ. ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಕುಟುಂಬದ ಮಕ್ಕಳಿಗೆ ಅಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇರುತ್ತದೆ.

ಪ್ರಶ್ನೆ: ಅಮೆರಿಕದ ಡಲ್ಲಾಸ್ ಬಳಿ ನೆಲೆಸಿರುವ ಕನ್ನಡಿಗ ನಾನು. ಇಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳು ಕಾಲೇಜಿಗೋ ಉದ್ಯೋಗಕ್ಕೋ ಸಿದ್ಧರಾಗಿದ್ದರೆ ಟೆಕ್ಸಸ್ ರಾಜ್ಯ ಸರ್ಕಾರ ಶಾಲಾ ಜಿಲ್ಲೆಗೆ, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗೆ, ಬೋನಸ್ ಕೊಡುತ್ತದೆ. ಕರ್ನಾಟಕದಲ್ಲೂ ಹೀಗೆ ಫಲಿತಾಂಶಕ್ಕೆ ತಕ್ಕ ಹಣ ಕೊಟ್ಟರೆ ಸರ್ಕಾರಿ ಶಾಲೆಗಳು ಚುರುಕಾಗುವುದಿಲ್ಲವೇ?

ಉತ್ತರ: ನೀವು ಹೇಳುತ್ತಿರುವುದು 2019ರಲ್ಲಿ ಟೆಕ್ಸಸ್ ಶಾಸನಸಭೆ ಅಂಗೀಕರಿಸಿದ ಮೂರನೇ ಸಂಖ್ಯೆಯ ಸದನ ಮಸೂದೆಯ ಮೂಲಕ ಬಂದ ಬೋನಸ್. ನಮ್ಮ ಓದುಗರಿಗಾಗಿ ಅದರ ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ. ಬಡ ಕುಟುಂಬದ ವಿದ್ಯಾರ್ಥಿ ಕಾಲೇಜು, ಉದ್ಯೋಗ ಅಥವಾ ಸೇನೆಗೆ ಸಿದ್ಧನಾಗಿ ಹೊರಬಂದರೆ 5,000 ಡಾಲರ್, ಉಳಿದವರಿಗೆ 3,000 ಡಾಲರ್. ವಿಶೇಷ ಶಿಕ್ಷಣದ ಮಗುವಾದರೆ ಇನ್ನೂ 2,000 ಡಾಲರ್ ಎಂದು ಆಗ ನಿಗದಿಯಾಯಿತು. ಆದರೆ ಮೊದಲ ಮಗುವಿನಿಂದಲೇ ಹಣ ಸಿಗುವುದಿಲ್ಲ. ಬಡ ಮಕ್ಕಳಲ್ಲಿ ಶೇ 11, ಉಳಿದವರಲ್ಲಿ ಶೇ 24 ದಾಟಿದ ಮೇಲಿನವರಿಗಷ್ಟೇ ಬೋನಸ್ ಎಂದು ಮಿತಿ ಹಾಕಲಾಯಿತು. ಒಂದು ಶಾಲಾ ಜಿಲ್ಲೆಯಿಂದ 200 ಬಡ ಮಕ್ಕಳು ತೇರ್ಗಡೆಯಾಗಿ, ಅವರಲ್ಲಿ 122 ಮಂದಿ ಸಿದ್ಧರೆಂದು ಗುರುತಾದರೆ, 22 ಮಂದಿಯನ್ನು ಕಳೆದು 100 ಮಕ್ಕಳಿಗೆ 5 ಲಕ್ಷ ಡಾಲರ್ ಬರುತ್ತದೆ. ಆ ಹಣದಲ್ಲಿ ಶೇ 55ನ್ನಾದರೂ ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳ ಇದೇ ಸಿದ್ಧತೆಗೆ ಖರ್ಚು ಮಾಡಬೇಕು.

ಇದರಲ್ಲಿ ನಮಗೆ ಮೆಚ್ಚುಗೆಯಾದ ಅಂಶಗಳಿವೆ. ಬಡ ಮಗುವಿಗೆ ಹೆಚ್ಚು ಹಣ ಎಂಬ ತತ್ವ ನ್ಯಾಯವಾದದ್ದು. ಬರೀ ಪಾಸಾದರೆ ಸಾಲದು, ಕಾಲೇಜಿನ ಪಾಠ ಅರಗಿಸಿಕೊಳ್ಳುವ ಮಟ್ಟವನ್ನು ಪರೀಕ್ಷೆಯಲ್ಲಿ ತೋರಿಸಿ, ಮುಂದಿನ ವರ್ಷ ನಿಜಕ್ಕೂ ಕಾಲೇಜಿಗೆ ಸೇರಿರಬೇಕು ಎಂಬ ನಿಯಮವೂ ಸರಿಯಾದದ್ದೇ. ಶಾಲೆ ಬಿಟ್ಟ ಮಗು ಎಲ್ಲಿಗೆ ಹೋಯಿತು ಎಂದು ನೋಡುವ ಹೊಣೆಯನ್ನು ಅದು ಶಾಲೆಯ ಮೇಲೆ ಹೊರಿಸುತ್ತದೆ. ನಮ್ಮಲ್ಲಿ ಟಿಸಿ ಕೊಟ್ಟ ದಿನಕ್ಕೆ ಶಾಲೆಯ ಸಂಬಂಧ ಮುಗಿದುಹೋಗುತ್ತದೆ.

ಆದರೂ ಇದನ್ನು ಹಾಗೆಯೇ ಇಲ್ಲಿಗೆ ತರುವುದನ್ನು ನಾವು ಒಪ್ಪುವುದಿಲ್ಲ. ಅಳತೆಗೆ ಬೆಲೆ ಕಟ್ಟಿದ ಕೂಡಲೇ ಅಳತೆಯನ್ನು ಸುಲಭದಲ್ಲಿ ಮುಟ್ಟುವ ದಾರಿಗಳು ಹುಟ್ಟಿಕೊಳ್ಳುತ್ತವೆ. ಟೆಕ್ಸಸ್‌ನಲ್ಲೇ ಶಾಲೆಗಳಿಗೆ ಎ ಇಂದ ಎಫ್ ವರೆಗೆ ದರ್ಜೆ ಕೊಡುವ ಪದ್ಧತಿಯಲ್ಲಿ, ಪಟ್ಟಿಯಲ್ಲಿರುವ ಯಾವುದಾದರೊಂದು ಉದ್ಯಮ ಪ್ರಮಾಣಪತ್ರ ಪಡೆದ ಮಗುವೂ ಸಿದ್ಧ ಎಂದು ಲೆಕ್ಕಕ್ಕೆ ಬರುತ್ತಿತ್ತು. ಕೆಲಸದ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆಯಿಲ್ಲದ ಪ್ರಮಾಣಪತ್ರಗಳ ಮೇಲೆ ಶಾಲೆಗಳು ನೆಚ್ಚಿಕೊಂಡಾಗ ಕೆಲವನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಈ ವಿಭಾಗದಲ್ಲಿ ಎ ದರ್ಜೆಗೆ ಬೇಕಾದ ಅಂಕವನ್ನು 2023ರಲ್ಲಿ 60ರಿಂದ 88ಕ್ಕೆ ಏರಿಸಿದಾಗ ಹಲವು ಶಾಲಾ ಜಿಲ್ಲೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ನಮ್ಮಲ್ಲಿ ಶೇ 100 ಫಲಿತಾಂಶದ ಆಸೆಗೆ ಹಿಂದುಳಿದ ಮಕ್ಕಳನ್ನು ಒಂಬತ್ತನೇ ತರಗತಿಯಲ್ಲೇ ತಡೆಯುವ, ಟಿಸಿ ತೆಗೆದುಕೊಳ್ಳಿ ಎಂದು ಪೋಷಕರಿಗೆ ಹೇಳುವ ಪರಿಪಾಠವನ್ನು ಕಂಡಿರುವ ನಮಗೆ, ಅದಕ್ಕೆ ಹಣವೂ ಸೇರಿದರೆ ಏನಾದೀತು ಎಂದು ಊಹಿಸಲು ಕಷ್ಟವಿಲ್ಲ. ಬೋನಸ್ ಬರುವುದು ಮಗು ಹೊರಬಿದ್ದ ಮೇಲೆ, ಅದೂ ಎಲ್ಲ ಪರಿಶೀಲನೆ ಮುಗಿದ ಮೇಲೆ. ಹಣವಿಲ್ಲದ ಕಾರಣಕ್ಕೇ ಹಿಂದೆ ಉಳಿದಿರುವ ಶಾಲೆಗೆ ಹಣ ಬೇಕಾಗಿರುವುದು ಅದಕ್ಕೂ ಮೊದಲು. ನಿಮ್ಮ ಸಲಹೆಯಿಂದ ಒಂದನ್ನು ಮಾತ್ರ ಈ ವರ್ಷವೇ ಜಾರಿಗೆ ತರಬಹುದು: ಪ್ರತಿ ಸರ್ಕಾರಿ ಪ್ರೌಢಶಾಲೆಯೂ ತನ್ನ ಹಿಂದಿನ ಸಾಲಿನ ಮಕ್ಕಳು ಈಗ ಎಲ್ಲಿದ್ದಾರೆ ಎಂಬ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯ ಮುಂದಿಡಬೇಕು. ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇರುವಾಗ ಇದು ಅಸಾಧ್ಯದ ಕೆಲಸವೇನಲ್ಲ.

ಪ್ರಶ್ನೆ: ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ. ಸಿಇಟಿ, ನೀಟ್ ತರಬೇತಿಗೆಂದು ಸರ್ಕಾರ ಪ್ರತ್ಯೇಕವಾಗಿ ಹಣ ಕೊಡುವುದಕ್ಕಿಂತ ಖಾಲಿ ಹುದ್ದೆಗಳನ್ನು ತುಂಬುವುದು ಉತ್ತಮವಲ್ಲವೇ?

ಉತ್ತರ: ನಿಮ್ಮ ಮಾತನ್ನು ನಾವು ಒಪ್ಪುತ್ತೇವೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ್‍ಯಾಂಕನ್ನು ಸಿಇಟಿ ಅಂಕದ ಅರ್ಧ ಮತ್ತು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ ಅರ್ಧ ಸೇರಿಸಿ ನಿರ್ಧರಿಸುತ್ತಾರೆ. ತರಬೇತಿಯಿಂದ ಮೇಲೇರುವುದು ಒಂದು ಅರ್ಧ ಮಾತ್ರ. ಇನ್ನೊಂದು ಅರ್ಧ ದಿನನಿತ್ಯದ ತರಗತಿಯಲ್ಲಿ ಪಾಠ ನಡೆದಿದೆಯೇ ಎಂಬುದರ ಮೇಲೆ ನಿಂತಿದೆ. ಜೂನ್‌ನಿಂದ ಗಣಿತ ಉಪನ್ಯಾಸಕರೇ ಇಲ್ಲದ, ಅತಿಥಿ ಉಪನ್ಯಾಸಕರ ನೇಮಕಕ್ಕಾಗಿ ಕಾಯುವ ಕಾಲೇಜಿಗೆ ಜನವರಿಯಲ್ಲಿ ಆನ್‌ಲೈನ್ ತರಬೇತಿ ಕೊಟ್ಟರೆ ಅದು ಹತ್ತುವುದಿಲ್ಲ. ಕೊರೊನಾ ಕಾಲದಲ್ಲಿ, 2020ರಲ್ಲಿ, ಸರ್ಕಾರ ಆರಂಭಿಸಿದ ಗೆಟ್‌ಸೆಟ್‌ಗೋ ಎಂಬ ಉಚಿತ ಆನ್‌ಲೈನ್ ತರಬೇತಿ ಮೊಬೈಲು ಮತ್ತು ನೆಟ್‌ವರ್ಕ್ ಇದ್ದವರಿಗೆ ಉಪಯುಕ್ತವಾಗುವಂಥದ್ದಾಗಿತ್ತು. ಬೆಟ್ಟದ ಸೆರಗಿನ ಹಾಡಿಗಳ ಮಕ್ಕಳನ್ನು ಬಲ್ಲ ನಿಮಗೆ ಅದರ ಮಿತಿಯನ್ನು ವಿವರಿಸಬೇಕಾಗಿಲ್ಲ.

ತಮಿಳುನಾಡು ಬೇರೆ ದಾರಿ ಹಿಡಿಯಿತು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ 2020ರಲ್ಲಿ ಶೇ 7.5 ಒಳಮೀಸಲು ತಂದು, ಮರುವರ್ಷ ಅದನ್ನು ಎಂಜಿನಿಯರಿಂಗ್, ಕೃಷಿ, ಕಾನೂನಿನಂಥ ವೃತ್ತಿ ಕೋರ್ಸುಗಳಿಗೂ ವಿಸ್ತರಿಸಿ, ಆ ಮಕ್ಕಳ ಶುಲ್ಕವನ್ನು ಸರ್ಕಾರವೇ ಭರಿಸುವ ವ್ಯವಸ್ಥೆ ಮಾಡಿತು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳು ಕಾಲೇಜಿಗೆ ಸೇರಿದರೆ ತಿಂಗಳಿಗೆ 1,000 ರೂಪಾಯಿ ಕೊಡುವ ಪುದುಮೈ ಪೆಣ್ ಯೋಜನೆ 2022ರಲ್ಲಿ ಬಂದಿತು. ನಮ್ಮ ಗ್ರಾಮೀಣ ಮೀಸಲಾತಿಯಲ್ಲಿ ಹಳ್ಳಿಯ ಖಾಸಗಿ ಶಾಲೆಯ ಮಗುವೂ ಸರ್ಕಾರಿ ಶಾಲೆಯ ಮಗುವೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸರ್ಕಾರಿ ಶಾಲೆ ಎಂಬುದನ್ನೇ ಆಧಾರವಾಗಿಟ್ಟುಕೊಂಡ ಅವಕಾಶವೊಂದನ್ನು ಕರ್ನಾಟಕವೂ ಪರಿಗಣಿಸಬೇಕಾದ ಕಾಲ ಬಂದಿದೆ.

ತರಬೇತಿಯ ಹಣದ ಬಗ್ಗೆ ಇನ್ನೊಂದು ತಕರಾರಿದೆ. ಸಿಇಟಿ, ನೀಟ್ ಎಂದ ಕೂಡಲೇ ಅದು ವಿಜ್ಞಾನ ವಿಭಾಗಕ್ಕೆ ಸೀಮಿತವಾಗಿಬಿಡುತ್ತದೆ. ಸರ್ಕಾರಿ ಪಿಯು ಕಾಲೇಜುಗಳಲ್ಲಿ ಕಲೆ ಮತ್ತು ವಾಣಿಜ್ಯ ಓದುವ ಮಕ್ಕಳ ಸಂಖ್ಯೆ ಸಣ್ಣದಲ್ಲ, ಅವರಲ್ಲಿ ಹೆಣ್ಣುಮಕ್ಕಳು ಬಹಳ. ಅವರ ಮುಂದಿನ ದಾರಿಗೆ ಈ ಹಣ ತಲುಪುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ವಾಣಿಜ್ಯ ವಿಭಾಗವಿದ್ದರೆ, ಜಿಎಸ್‌ಟಿ ಲೆಕ್ಕ ಬರೆಯುವ ಸ್ಥಳೀಯ ತೆರಿಗೆ ಸಲಹೆಗಾರರೊಬ್ಬರನ್ನು ವಾರಕ್ಕೊಮ್ಮೆ ಕರೆಸುವುದಕ್ಕೂ, ಕಲಾ ವಿಭಾಗದ ಮಕ್ಕಳಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯ ಅರ್ಜಿ ತುಂಬಿಸುವುದಕ್ಕೂ ಕಾಲೇಜು ಅಭಿವೃದ್ಧಿ ಸಮಿತಿಯ ನಿಧಿಯಿಂದ ಹಣ ಕೇಳಿ. ಕಲಬುರಗಿಯಲ್ಲಿ ನಮ್ಮದೇ ರಾಜ್ಯದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಅರ್ಜಿ ಹಾಕಬಹುದೆಂದು ನಿಮ್ಮ ವಿದ್ಯಾರ್ಥಿನಿಯರಿಗೆ ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆಯೇ ತಿಳಿಯಬೇಕು. ಪ್ರಥಮ ಪಿಯುಸಿಯ ತರಗತಿಯಲ್ಲೇ ಅದನ್ನು ಒಮ್ಮೆ ಹೇಳಿ, ದ್ವಿತೀಯ ಪಿಯುಸಿಗೆ ಬಂದ ಮೇಲೆ ನೆನಪಿಸಿ.